ಹಳೆ ಮಣ್ಣಿನ ಮನೆ ದುರಸ್ತಿಗೆ ಸಿಮೆಂಟ್ ಗಿಲಾವು ಆಗುತ್ತದೆಯೇ?

ಬೇಡ. ತೀರ್ಥಹಳ್ಳಿ, ಹೊಸನಗರ ಕಡೆಯ ಮಣ್ಣಿನ ಗೋಡೆಗೆ ಸುಣ್ಣದ ಗಾರೆಯೇ ಸರಿ. ಈ ಗೋಡೆ ಮಳೆಗಾಲದಲ್ಲಿ ನೆಲದಿಂದ ತೇವ ಹೀರುತ್ತದೆ, ಬಿಸಿಲು ಬಿದ್ದಾಗ ಅದನ್ನು ತನ್ನ ಮೈಯಿಂದಲೇ ಹೊರಬಿಡುತ್ತದೆ. ಸಿಮೆಂಟ್ ಮೆತ್ತಿದರೆ ಆ ದಾರಿ ಮುಚ್ಚಿಹೋಗುತ್ತದೆ. ನೀರು ಒಳಗೇ ನಿಂತು ಮಣ್ಣು ಮೆತ್ತಗಾಗುತ್ತದೆ, ಗಿಲಾವು ಗೋಡೆ ಬಿಟ್ಟು ಏಳುತ್ತದೆ. ತಟ್ಟಿ ನೋಡಿದರೆ ಟೊಳ್ಳು ಸದ್ದು ಬರುತ್ತದೆ. ಕೊನೆಗೆ ಮಣ್ಣಿನ ಸಮೇತ ಹಾಳೆ ಹಾಳೆಯಾಗಿ ಉದುರುತ್ತದೆ.

ಗೋಡೆಗೆ ಕೈ ಹಾಕುವ ಮುಂಚೆ ಮನೆಯ ಮಾಡು (ಛಾವಣಿ) ಸರಿಮಾಡಿಸಿ. ಸೂರು ಗೋಡೆಯಿಂದ ಎರಡೂವರೆ ಅಡಿಯಾದರೂ ಹೊರಚಾಚಿರಲಿ. ಹಳೆ ಮಂಗಳೂರು ಹಂಚು ಎಸೆಯಬೇಡಿ, ಅದಕ್ಕೆ ಇನ್ನೂ ಬಹಳ ಆಯುಷ್ಯವಿದೆ. ಬೆರಳ ಗೆಣ್ಣಿನಿಂದ ತಟ್ಟಿದಾಗ ಠಣ್ ಎಂದರೆ ಗಟ್ಟಿ, ಸದ್ದು ಮಂಕಾಗಿದ್ದರೆ ಎಲ್ಲೋ ಬಿರುಕಿದೆ.

ಇನ್ನು ಗಾರೆ. ನೀರು ಹಾಕಿ ಅರಳಿಸಿದ ಸುಣ್ಣವನ್ನು ಕನಿಷ್ಠ 15 ದಿನ ನೀರಿನಲ್ಲಿ ನೆನೆಯಲು ಬಿಡಿ, ಆಮೇಲೆ ಸೋಸಿ. ಇದರಲ್ಲಿ ಆತುರ ಪಟ್ಟವರೇ ಹೆಚ್ಚು ಕೆಡಿಸಿಕೊಳ್ಳುವುದು: ಅರಳದೆ ಉಳಿದ ಕಾಳು ಗೋಡೆಯಲ್ಲೇ ಅರಳಿ ಗುಳ್ಳೆ ಎಬ್ಬಿಸುತ್ತದೆ. 1 ಪಾಲು ಸುಣ್ಣಕ್ಕೆ 3 ಪಾಲು ಮರಳು. ಗೋಡೆಗೆ ನೀರು ಚಿಮುಕಿಸಿ, ಪದರಕ್ಕೆ 10 ಮಿ.ಮೀ. ಮೀರದಂತೆ ಎರಡು ಪದರ ಹಾಕಿಸಿ. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವುದರಿಂದ ಒಂದು ವಾರ ತೇವ ಆರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಸೀಳು ಬಿಡುತ್ತದೆ. ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮೇಲೆ ಬಳಿಯುವುದೂ ಸುಣ್ಣವೇ ಆಗಿರಲಿ. ಪ್ಲಾಸ್ಟಿಕ್ ಪೇಂಟ್ ಹೊಡೆದರೆ ಗೋಡೆಯ ಉಸಿರು ಮತ್ತೆ ಕಟ್ಟುತ್ತದೆ.