ಅಮೆರಿಕದ ನರ್ಸಿಂಗ್ ಹೋಮ್‌ನಲ್ಲಿ ಕನಿಷ್ಠ ಎಷ್ಟು ಸಿಬ್ಬಂದಿ ಇರಬೇಕು?

ಕಾನೂನು ಹೇಳುವಷ್ಟು ಸಿಬ್ಬಂದಿ ಇರುವ ನರ್ಸಿಂಗ್ ಹೋಮ್‌ಗೆ (ಅಮೆರಿಕದಲ್ಲಿ ಹಾಗಂದರೆ ವೃದ್ಧರು ಉಳಿದುಕೊಂಡು ಆರೈಕೆ ಪಡೆಯುವ ಜಾಗ) ಅಮ್ಮನನ್ನು ಸೇರಿಸಿದರೆ ನಿಶ್ಚಿಂತೆಯಾಗಿ ಇರಬಹುದಾ ಅಂತ ಕೇಳಿದ್ದೀರಿ. ಇಲ್ಲ. ಅಪ್ಪನಿಗೆ ಪಾರ್ಶ್ವವಾಯು ಆದಾಗ ನಾನೂ ಇದೇ ಲೆಕ್ಕ ಹಿಡಿದುಕೊಂಡು ಅಲೆದವಳು.

ಒಂದು ಕಡೆ, ಒಬ್ಬೊಬ್ಬರಿಗೆ ದಿನಕ್ಕೆ ಮೂರೂವರೆ ಗಂಟೆ ಆರೈಕೆ ಸಿಗುತ್ತದೆ ಅಂದರು. ಅಷ್ಟು ಹೊತ್ತು ಅಪ್ಪನ ಹತ್ತಿರ ಯಾರಾದರೂ ಇರುತ್ತಾರೆ ಅಂದುಕೊಂಡೆ. ಎಡವಿದ್ದು ಅಲ್ಲೇ. ದಿನವಿಡೀ ಕೆಲಸ ಮಾಡಿದ ನರ್ಸ್, ಏಡ್ (ನರ್ಸ್‌ಗಳ ಸಹಾಯಕರು) ಎಲ್ಲರ ಗಂಟೆಗಳನ್ನೂ ಕೂಡಿಸಿ, ಅಲ್ಲಿರುವ ವೃದ್ಧರ ಸಂಖ್ಯೆಯಿಂದ ಭಾಗಿಸಿದಾಗ ಬರುವ ಅಂಕಿ ಅದು. ಆಫೀಸಿನಲ್ಲಿ ಕೂತು ಕಾಗದಪತ್ರ ನೋಡುವ ನರ್ಸ್‌ನ ಗಂಟೆಯೂ ಅದರಲ್ಲಿ ಸೇರಿರುತ್ತದೆ. ಊಟ ಮಾಡಿಸುವ, ಮೈ ಒರೆಸುವ, ಮಗ್ಗುಲು ಬದಲಿಸುವ ಏಡ್‌ಗಳ ಪಾಲು ಮಾತ್ರ ತೆಗೆದರೆ ಅಲ್ಲಿ 2.4 ಗಂಟೆ. 24ನ್ನು ಅದರಿಂದ ಭಾಗಿಸಿ ನೋಡಿ, ಹತ್ತು ಬರುತ್ತದೆ. ಸರಾಸರಿ ಹತ್ತು ಜನಕ್ಕೆ ಒಬ್ಬರು! ಬೆಳಗಿನ ಪಾಳಿಯಲ್ಲಿ ಜಾಸ್ತಿ ಜನ ಇರುತ್ತಾರೆ. ಹಾಗಿದ್ದ ಮೇಲೆ ರಾತ್ರಿ ಕಡಿಮೆ ಇರಲೇಬೇಕಲ್ವಾ? ನಾನು ಜಾಗ ನೋಡಲು ಹೋಗಿದ್ದೆಲ್ಲ ಬೆಳಗಿನ ಹೊತ್ತೇ.

ಅಪ್ಪ ಇದ್ದ ಕಡೆ ರಾತ್ರಿ ಇಪ್ಪತ್ತಕ್ಕೂ ಹೆಚ್ಚು ಹಾಸಿಗೆಗೆ ಒಬ್ಬಳೇ ಹುಡುಗಿ. ಅಪ್ಪನನ್ನು ಹೊರಳಿಸಲು ಇಬ್ಬರು ಬೇಕು. ಎರಡು ಗಂಟೆಗೊಮ್ಮೆ ಹೊರಳಿಸಬೇಕು ಅಂತ ಚಾರ್ಟಿನಲ್ಲೇನೋ ಬರೆದಿತ್ತು. ಒಂದು ಭಾನುವಾರ ಪಂಚೆ ಸರಿಮಾಡುವಾಗ ಸೊಂಟದ ಹತ್ತಿರ ರೂಪಾಯಿಯಗಲ ಕೆಂಪು ಕಲೆ ಕಂಡಿತು. ಬೆರಳಿಂದ ಒತ್ತಿದರೂ ಬಿಳಿಚಲಿಲ್ಲ. ಅದು ಒಂದೇ ಮಗ್ಗುಲಲ್ಲಿ ಮಲಗಿದರೆ ಆಗುವ ಹುಣ್ಣಾಗಿ, ಒಳಗಿಳಿದು, ಮಾಯಲು ತಿಂಗಳುಗಟ್ಟಲೆ ಹಿಡಿಯಿತು. ಆ ಹುಡುಗಿಯನ್ನು ನಾನು ದೂರುವುದಿಲ್ಲ. ಅವಳು ಓಡಾಡುತ್ತಲೇ ಇದ್ದಳು.

ಇನ್ನು ಕಾನೂನು. 1987ರ ಕೇಂದ್ರ ಕಾನೂನಿನಂತೆ ದಿನದ 24 ಗಂಟೆಯೂ ಲೈಸೆನ್ಸ್ ಇರುವ ನರ್ಸ್ ಇರಬೇಕು, ಅವರಲ್ಲಿ ಹೆಚ್ಚು ಓದಿದ ರಿಜಿಸ್ಟರ್ಡ್ ನರ್ಸ್ ದಿನಕ್ಕೆ 8 ಗಂಟೆ ಇರಬೇಕು. ಏಡ್‌ಗಳು ಎಷ್ಟು ಅಂತ ಅದರಲ್ಲಿ ಅಂಕಿಯೇ ಇಲ್ಲ. 2001ರಲ್ಲಿ ಸರ್ಕಾರದ್ದೇ ಅಧ್ಯಯನವೊಂದು ಒಬ್ಬರಿಗೆ ದಿನಕ್ಕೆ 4.1 ಗಂಟೆ ಬೇಕು ಅಂದಿತ್ತು. 2024ರಲ್ಲಿ ಕೊನೆಗೂ 3.48 ಗಂಟೆಯ ನಿಯಮ ಬಂತು. 2025ರಲ್ಲಿ ಟೆಕ್ಸಾಸ್‌ನ ಕೋರ್ಟು ಅದನ್ನು ರದ್ದು ಮಾಡಿತು, ಆಮೇಲೆ ಸಂಸತ್ತೂ 2034ರವರೆಗೆ ಅದಕ್ಕೆ ತಡೆ ಹಾಕಿತು. ಕ್ಯಾಲಿಫೋರ್ನಿಯಾದಂಥ ಹಲವು ರಾಜ್ಯಗಳಿಗೆ ಅವುಗಳದ್ದೇ ಕನಿಷ್ಠ ಮಿತಿ ಇದೆ. ಕೆಲಸಕ್ಕೆ ಜನ ಸಿಗುವುದಿಲ್ಲ ಅನ್ನುವ ನರ್ಸಿಂಗ್ ಹೋಮ್‌ನವರ ವಾದ ನನಗೆ ಒಪ್ಪಿಗೆಯಿಲ್ಲ. ಬೆನ್ನು ಮುರಿಯುವ ಕೆಲಸಕ್ಕೆ ಅಷ್ಟು ಕಡಿಮೆ ಸಂಬಳ ಕೊಟ್ಟರೆ ಯಾರು ನಿಲ್ಲುತ್ತಾರೆ?

ಹಾಗಾಗಿ ಕನಿಷ್ಠ ಎಷ್ಟು ಅನ್ನೋದನ್ನ ಬಿಡಿ. ಮೆಡಿಕೇರ್‌ನ (ವೃದ್ಧರಿಗಿರುವ ಸರ್ಕಾರಿ ಆರೋಗ್ಯ ವಿಮೆ) ಕೇರ್ ಕಂಪೇರ್ ಜಾಲತಾಣದಲ್ಲಿ ಶನಿವಾರ-ಭಾನುವಾರದ ಸಿಬ್ಬಂದಿ ಗಂಟೆ ಬೇರೆಯಾಗಿ ತೋರಿಸುತ್ತಾರೆ, ವರ್ಷದಲ್ಲಿ ಎಷ್ಟು ಜನ ಕೆಲಸ ಬಿಟ್ಟರು ಅನ್ನೋದೂ ಇರುತ್ತದೆ. ಮೊದಲು ಅದನ್ನು ನೋಡಿ. ಆಮೇಲೆ ಭಾನುವಾರ ಸಂಜೆ ಹೇಳದೆ ಕೇಳದೆ ಹೋಗಿ. ಆ ದಿನದ ಸಿಬ್ಬಂದಿ ಎಷ್ಟು ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು, ಅದು ಕಡ್ಡಾಯ. ಮ್ಯಾನೇಜರನ್ನು ಕೇಳಬೇಡಿ. ಕೆಲಸದಲ್ಲಿರುವ ಏಡ್ ಹತ್ತಿರ "ಇವತ್ತು ನಿಮ್ಮ ಪಾಲಿಗೆ ಎಷ್ಟು ಜನ, ರಾತ್ರಿ ಎಷ್ಟು?" ಅಂತ ಕೇಳಿ. ರಾತ್ರಿಗೆ ಇಪ್ಪತ್ತು ಅಂದರೆ, ಮಗ್ಗುಲು ಬದಲಿಸಲಾಗದ ಅಮ್ಮನನ್ನು ಅಲ್ಲಿ ಬಿಡಬೇಡಿ.