ನಿಮ್ಮ ಲೇಖನದ ‘ಟ್ರಸ್ಟ್’ ಸಾಲಿನ ಬಗ್ಗೆ

ಗೆಳೆಯರೇ,

ರಾಕಿ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಾಕಿಕೊಂಡು, ಅದನ್ನು ಬೇರೆ ಕಂಪ್ಯೂಟರುಗಳಿಂದ ಬಳಸುವುದು ಹೇಗೆ ಎಂದು ನೀವು ಬರೆದು ಕಳಿಸಿದ ಲೇಖನ ಓದಿದೆ. ಕನ್ನಡ ತಿಳಿಯಾಗಿದೆ, ವಾಕ್ಯಗಳು ಚಿಕ್ಕದಾಗಿವೆ. ಆದರೆ ಈಗಿರುವ ಹಾಗೆ ಇದನ್ನು ಪ್ರಕಟಿಸಲಾರೆ. ಎರಡು ಜಾಗಗಳು ಓದಿ ಮುಗಿಸಿದ ಮೇಲೂ ನನ್ನನ್ನು ಬಿಡಲಿಲ್ಲ. ಅವುಗಳ ಬಗ್ಗೆ ಮಾತ್ರ ಹೇಳುತ್ತೇನೆ.

‘ಪಿಜಿ_ಎಚ್‌ಬಿಎ.ಕಾನ್ಫ್ ಕಡತದ ಮೇಲ್ತುದಿಯಲ್ಲಿ “ಹೋಸ್ಟ್ ಆಲ್ ಆಲ್ 0.0.0.0/0 ಟ್ರಸ್ಟ್” ಎಂದು ಸೇರಿಸಿಬಿಡಿ, ಸಮಸ್ಯೆ ಇರುವುದಿಲ್ಲ’ ಎಂದಿದ್ದೀರಿ. ಯಾರು, ಎಲ್ಲಿಂದ, ಹೇಗೆ ಒಳಬರಬಹುದು ಎಂದು ಪೋಸ್ಟ್‌ಗ್ರೆಸ್‌ಗೆ ಹೇಳುವ ಕಡತ ಅದು. ಈ ಸಾಲನ್ನು ಒಂದೊಂದೇ ಪದವಾಗಿ ಓದಿ ನೋಡಿ. ‘ಹೋಸ್ಟ್’ ಅಂದರೆ ನೆಟ್‌ವರ್ಕ್ ಮೂಲಕ ಬರುವವರಿಗೆ. ಮೊದಲನೆಯ ‘ಆಲ್’ ಅಂದರೆ ಯಾವ ಡೇಟಾಬೇಸಾದರೂ ಸರಿ. ಎರಡನೆಯದು ಯಾವ ಬಳಕೆದಾರನಾದರೂ ಸರಿ, ಸರ್ವಾಧಿಕಾರವಿರುವ ‘ಪೋಸ್ಟ್‌ಗ್ರೆಸ್’ ಬಳಕೆದಾರನೂ ಸೇರಿ. 0.0.0.0/0 ಅಂದರೆ ಯಾವ ಐಪಿವಿ4 ನೆಟ್‌ವರ್ಕ್ ವಿಳಾಸದಿಂದ ಬಂದರೂ ಸರಿ. ‘ಟ್ರಸ್ಟ್’ ಅಂದರೆ ಪಾಸ್‌ವರ್ಡ್ ಕೇಳಬೇಡ. ಹಾಗೆ ಸರ್ವಾಧಿಕಾರದಿಂದ ಒಳಬಂದವನು ಡೇಟಾ ತುಂಬಲು, ತೆಗೆಯಲು ಇರುವ ‘ಕಾಪಿ’ ಆದೇಶದ ‘ಪ್ರೋಗ್ರಾಮ್’ ರೂಪ ಬಳಸಿ ಸರ್ವರಿನ ಮೇಲೆ ತನಗೆ ಬೇಕಾದ ಪ್ರೋಗ್ರಾಮು ಓಡಿಸಬಹುದು. 2013ರಲ್ಲಿ ಬಂದ 9.3ನೇ ಆವೃತ್ತಿಯಿಂದಲೂ ಈ ಸೌಲಭ್ಯ ಇದೆ. ನಿಮ್ಮನ್ನು ನಂಬಿ ಆ ಸಾಲನ್ನು ನಕಲು ಮಾಡಿಕೊಳ್ಳುವ ಓದುಗನಿಗೆ ಇದು ಗೊತ್ತಿರುವುದಿಲ್ಲ.

ಅದರ ಮುಂದಿನ ವಾಕ್ಯ ಇನ್ನೂ ಕೆಟ್ಟದ್ದು: ‘ಸುರಕ್ಷತೆ ಬೇಕಿದ್ದವರು ಇದರ ಕೆಳಗೆ ಸ್ಕ್ರ್ಯಾಮ್ ಸಾಲನ್ನೂ ಸೇರಿಸಿಕೊಳ್ಳಬಹುದು.’ ಸ್ಕ್ರ್ಯಾಮ್ ಅಂದರೆ ಪಾಸ್‌ವರ್ಡ್ ಪರೀಕ್ಷಿಸುವ ಒಂದು ವಿಧಾನ. ಆದರೆ ಪೋಸ್ಟ್‌ಗ್ರೆಸ್ ಈ ಕಡತವನ್ನು ಮೇಲಿನಿಂದ ಓದುತ್ತಾ ಬಂದು, ಹೊಂದುವ ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಕೆಳಗಿನ ಸಾಲಿನ ತನಕ ಹೋಗುವುದೇ ಇಲ್ಲ. ಹೆಬ್ಬಾಗಿಲು ತೆರೆದಿಟ್ಟು ಹಿತ್ತಿಲ ಬಾಗಿಲಿಗೆ ಬೀಗ ಹಾಕಿದಂತಾಯಿತು. ಟ್ರಸ್ಟ್ ಸಾಲನ್ನು ತೆಗೆದು ಹೀಗೆ ಬರೆಯಿರಿ: ‘ಹೋಸ್ಟ್ ಮಳಿಗೆ ಗುಮಾಸ್ತ 192.168.1.0/24 ಸ್ಕ್ರ್ಯಾಮ್-ಎಸ್‌ಎಚ್‌ಎ-256’. ಒಂದು ಡೇಟಾಬೇಸ್, ಒಬ್ಬ ಬಳಕೆದಾರ, ಒಂದು ಕಚೇರಿಯ ನೆಟ್‌ವರ್ಕ್, ಜೊತೆಗೆ ಪಾಸ್‌ವರ್ಡ್. ಒಂದೊಂದೂ ಯಾಕೆ ಎಂದು ಅದರ ಪಕ್ಕದಲ್ಲೇ ಹೇಳಿ.

‘ಆಗಲೂ ಬರದಿದ್ದರೆ ಫೈರ್‌ವಾಲ್ ನಿಲ್ಲಿಸಿ’ ಎಂಬ ಮಾತನ್ನು ಹೊಡೆದುಹಾಕಿದ್ದೇನೆ. ಫೈರ್‌ವಾಲ್ ಅಂದರೆ ಹೊರಗಿನಿಂದ ಬರುವ ಸಂಪರ್ಕಗಳನ್ನು ತಡೆಯುವ ಗೋಡೆ. ಸಂಪರ್ಕ ಬರದೆ ಇರುವುದಕ್ಕೆ ಬೇರೆ ಬೇರೆ ಕಾರಣಗಳಿವೆ, ಪರದೆಯೇ ಅದನ್ನು ಹೇಳುತ್ತದೆ. ‘ಕನೆಕ್ಷನ್ ರೆಫ್ಯೂಸ್ಡ್’ ಬಂದರೆ ಸಾಮಾನ್ಯವಾಗಿ ಆ ವಿಳಾಸದ 5432ನೇ ಪೋರ್ಟಿನಲ್ಲಿ (ಪೋಸ್ಟ್‌ಗ್ರೆಸ್ ಬಳಸುವ ಬಾಗಿಲ ಸಂಖ್ಯೆ) ಯಾರೂ ಕಿವಿಗೊಟ್ಟು ಕೂತಿಲ್ಲ. ಯಾವ ವಿಳಾಸಗಳಲ್ಲಿ ಕಿವಿಗೊಡಬೇಕೆಂದು ಹೇಳುವ ‘ಲಿಸನ್_ಅಡ್ರೆಸಸ್’ ಇನ್ನೂ ‘ಲೋಕಲ್‌ಹೋಸ್ಟ್’ (ಅದೇ ಯಂತ್ರ ಮಾತ್ರ) ಆಗಿಯೇ ಇದೆಯೇ ಎಂದು ನೋಡಬೇಕು, ಬದಲಿಸಿದ್ದರೆ ರೀಸ್ಟಾರ್ಟ್ ಮಾಡಬೇಕು, ಬರೀ ರೀಲೋಡ್ (ನಿಲ್ಲಿಸದೆ ಕಡತಗಳನ್ನು ಮತ್ತೆ ಓದಿಸುವುದು) ಸಾಲದು. ‘ನೋ ರೂಟ್ ಟು ಹೋಸ್ಟ್’ ಬಂದರೆ ರಾಕಿಯಲ್ಲಿ ಮೊದಲು ಅಲ್ಲಿನ ಫೈರ್‌ವಾಲ್ ಆದ ಫೈರ್‌ವಾಲ್‌ಡಿ ನೋಡಿ. ಅಲ್ಲಿ ಪೋಸ್ಟ್‌ಗ್ರೆಸ್ ಸೇವೆಯೊಂದನ್ನೇ ತೆರೆದರೆ ಸಾಕು. ಪಿಜಿ_ಎಚ್‌ಬಿಎಯಲ್ಲಿ ನಮೂದು ಇಲ್ಲ ಎಂದು ಬಂದರೆ ನೀವು ಸರ್ವರಿನ ತನಕ ತಲುಪಿದ್ದೀರಿ, ಕಾವಲುಗಾರ ತಡೆದಿದ್ದಾನೆ ಅಷ್ಟೆ. ನಿಮ್ಮ ಲೇಖನದಲ್ಲಿ ಇದೇ ಇರಬೇಕಿತ್ತು.

ಇನ್ನು ಎರಡನೆಯದು. ಸೇವೆಗಳನ್ನು ಓಡಿಸುವ ‘ಸಿಸ್ಟಮ್‌ಸಿಟಿಎಲ್ ಸ್ಟಾರ್ಟ್’ ಆದೇಶ ಕೊಟ್ಟು ‘ಇನ್ನು ಸರ್ವರ್ ಯಾವಾಗಲೂ ಓಡುತ್ತಿರುತ್ತದೆ’ ಎಂದಿದ್ದೀರಿ. ಸ್ಟಾರ್ಟ್ ಈ ಹೊತ್ತಿಗೆ ಮಾತ್ರ. ಯಂತ್ರ ಆರಿ ಹೊತ್ತಿಕೊಂಡಾಗ ತಾನೇ ಏಳಬೇಕಾದರೆ ‘ಎನೇಬಲ್’ ಬೇಕು.

ಇದನ್ನು ಓದಿದಾಗ ನನಗೆ 2004 ನೆನಪಾಯಿತು. ಒಂದು ಸಹಕಾರ ಸಂಘದ ಕಚೇರಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಶನಿವಾರ ಡೇಟಾಬೇಸ್ ಹಾಕಿ, ಎಲ್ಲ ಸರಿ ಇದೆ ಎಂದು ನೋಟ್‌ಬುಕ್ಕಿನಲ್ಲಿ ಬರೆದು ಮನೆಗೆ ಹೋದೆ. ಭಾನುವಾರ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿ ಮುಗಿದು, ಯಂತ್ರ ನಿಂತು ಮತ್ತೆ ಎದ್ದಿತ್ತು. ಡೇಟಾಬೇಸ್ ಎದ್ದಿರಲಿಲ್ಲ. ಸೋಮವಾರ ಬೆಳಿಗ್ಗೆ ಕೌಂಟರಿನ ಮುಂದೆ ಹಾಲಿನ ದುಡ್ಡಿಗೆ ಬಂದ ರೈತರು ಪಾಸ್‌ಬುಕ್ ಹಿಡಿದು ನಿಂತಿದ್ದರು. ಆಗ ಸೇವೆಗಳನ್ನು ನೋಡಿಕೊಳ್ಳುವ ಇಂದಿನ ‘ಸಿಸ್ಟಮ್‌ಡಿ’ ಇರಲಿಲ್ಲ, ಡೇಟಾಬೇಸ್ ತಾನೇ ಏಳಲು ‘ಚೆಕ್‌ಕಾನ್ಫಿಗ್’ ಎಂಬ ಆದೇಶ ಕೊಡಬೇಕಿತ್ತು. ನಾನು ಕೊಟ್ಟಿರಲಿಲ್ಲ. ನನಗೆ ಕಲಿಸುತ್ತಿದ್ದ ಹಿರಿಯರು ಬೈಯಲಿಲ್ಲ. ನೋಟ್‌ಬುಕ್ ತೆಗೆದುಕೊಂಡು, ‘ಎಲ್ಲ ಸರಿ ಇದೆ’ ಎಂಬಲ್ಲಿ ಬೆರಳಿಟ್ಟು, ‘ಆಫ್ ಮಾಡಿ ಮತ್ತೆ ಹಾಕಿ ನೋಡಿದ್ದೆಯೇನಪ್ಪಾ?’ ಎಂದರು. ಆ ರೈತರ ಮುಖ ಈಗಲೂ ಕಣ್ಣ ಮುಂದಿದೆ.

ಎನೇಬಲ್ ಕೊಟ್ಟ ಮೇಲೂ ಒಂದು ತೊಡಕಿದೆ. ‘ಲಿಸನ್_ಅಡ್ರೆಸಸ್’ನಲ್ಲಿ ಲೋಕಲ್‌ಹೋಸ್ಟ್ ಜೊತೆ 192.168.1.10 ಎಂದು ಬರೆದಿದ್ದು, ಯಂತ್ರ ಏಳುವಾಗ ಆ ವಿಳಾಸ ಇನ್ನೂ ಸಿಕ್ಕಿರದಿದ್ದರೆ, ಪೋಸ್ಟ್‌ಗ್ರೆಸ್ ಲಾಗ್‌ನಲ್ಲೊಂದು ಎಚ್ಚರಿಕೆ ಬರೆದು ಲೋಕಲ್‌ಹೋಸ್ಟ್ ಒಂದರಲ್ಲೇ ಓಡತೊಡಗುತ್ತದೆ. ಸರ್ವರಿನಲ್ಲಿ ಕೂತವರಿಗೆ ಎಲ್ಲ ಸರಿ, ಹೊರಗಿನವರಿಗೆ ಏನೂ ಇಲ್ಲ. ಸೇವೆಯ ಕಡತದಲ್ಲಿ ‘ನೆಟ್‌ವರ್ಕ್-ಆನ್‌ಲೈನ್ ಟಾರ್ಗೆಟ್’ಗೆ, ಅಂದರೆ ನೆಟ್‌ವರ್ಕ್ ಸಿದ್ಧವಾಗುವ ತನಕ, ಕಾಯುವಂತೆ ಹೇಳಬೇಕು. ಇದಕ್ಕೊಂದು ಪ್ಯಾರಾ ಕೊಡಿ.

ತಿದ್ದಿ ಕಳಿಸುವ ಮೊದಲು ನಿಮ್ಮ ಸರ್ವರನ್ನು ರೀಬೂಟ್ ಮಾಡಿ, ಅದನ್ನು ಮುಟ್ಟದೆ, ಪಕ್ಕದ ಕಂಪ್ಯೂಟರಿನಿಂದ ಲಾಗಿನ್ ಆಗಿ ನೋಡಿ. ಪರದೆಯಲ್ಲಿ ಏನು ಬಂತೋ ಅದನ್ನು ಹಾಗೆಯೇ ಲೇಖನದಲ್ಲಿ ಹಾಕಿ. ಕಾಯುತ್ತಿರುತ್ತೇನೆ.