ನಡೆಯಲಾಗದ ಮಗುವಿಗೆ ಹೃದಯದ ಮಾತ್ರೆ ಏಕೆ?

ಪ್ರಶ್ನೆ: ನನ್ನ ಮಗನಿಗೆ 11 ವರ್ಷ. ಸ್ನಾಯುಗಳು ಕ್ರಮೇಣ ಕ್ಷೀಣಿಸುವ ಡುಶೆನ್ ಮಸ್ಕ್ಯುಲರ್ ಡಿಸ್ಟ್ರೋಫಿ ಕಾಯಿಲೆ ಇದೆ. ಕಳೆದ ವರ್ಷದಿಂದ ಗಾಲಿಕುರ್ಚಿಯಲ್ಲೇ ಇದ್ದಾನೆ. ಎದೆನೋವು, ಏದುಸಿರು ಏನೂ ಇಲ್ಲ. ಎಕೋ (ಹೃದಯದ ಸ್ಕ್ಯಾನ್) ವರದಿಯೂ ಸರಿಯಾಗಿದೆ. ಆದರೂ ವೈದ್ಯರು ಎನಲಾಪ್ರಿಲ್ ಎಂಬ ಬಿಪಿ ಮಾತ್ರೆ ಬರೆದಿದ್ದಾರೆ. ಅವನಿಗೆ ಬಿಪಿ ಇಲ್ಲವೇ ಇಲ್ಲ. ಓಡಾಟವಿಲ್ಲದ ಮೇಲೆ ಹೃದಯಕ್ಕೂ ವಿಶ್ರಾಂತಿ ಸಿಕ್ಕಂತೆ ಅಲ್ಲವೇ? ಮಾತ್ರೆ ಕೊಡಲು ಮನಸ್ಸು ಒಪ್ಪುತ್ತಿಲ್ಲ.
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಮಾತ್ರೆಯನ್ನು ದಯವಿಟ್ಟು ಕೊಡಿ. ನಿಮ್ಮ ವೈದ್ಯರು ಸರಿಯಾದ ಸಮಯದಲ್ಲಿ ಸರಿಯಾದ ಕೆಲಸ ಮಾಡಿದ್ದಾರೆ.

ಈ ಕಾಯಿಲೆಯಲ್ಲಿ ಡಿಸ್ಟ್ರೋಫಿನ್ ಎಂಬ ಪ್ರೋಟೀನ್ ತಯಾರಾಗುವುದಿಲ್ಲ. ಕಟ್ಟಡದ ಕಂಬಿಯಂತೆ ಅದು ಸ್ನಾಯುಕೋಶದ ಪೊರೆಗೆ ಒಳಗಿನಿಂದ ಬಲ ಕೊಡುತ್ತದೆ. ಅದಿಲ್ಲದಿದ್ದರೆ ಸ್ನಾಯು ಕುಗ್ಗಿದಾಗಲೆಲ್ಲ ಪೊರೆ ಹರಿಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಕೋಶ ಸಾಯುತ್ತದೆ. ಕಾಲಿನ ಸ್ನಾಯುವಿಗಾದರೂ ಕೆಲವು ವರ್ಷ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವ ಶಕ್ತಿ ಇರುತ್ತದೆ. ಹೃದಯಕ್ಕೆ ಆ ಶಕ್ತಿ ಇಲ್ಲವೆನ್ನುವಷ್ಟು ಕಡಿಮೆ. ಸತ್ತ ಕೋಶಗಳ ಜಾಗದಲ್ಲಿ ಗಾಯದ ಕಲೆಯಂಥ ನಾರು ಬೆಳೆಯುತ್ತದೆ.

ವಿಶ್ರಾಂತಿಯ ಮಾತಿಗೆ ಬರುತ್ತೇನೆ. ಮಗ ಕುಳಿತೇ ಇದ್ದರೂ ಅವನ ಹೃದಯ ದಿನಕ್ಕೆ 1 ಲಕ್ಷಕ್ಕೂ ಹೆಚ್ಚು ಬಾರಿ ಬಡಿಯುತ್ತದೆ. ಈ ಮಕ್ಕಳಲ್ಲಿ ಸುಮ್ಮನೆ ಕುಳಿತಾಗಲೂ ನಾಡಿ ನಿಮಿಷಕ್ಕೆ 100 ದಾಟಿರುವುದು ಅಪರೂಪವಲ್ಲ. ಉಸಿರಾಟದ ಸ್ನಾಯುಗಳು ಸೋತಾಗ ರಾತ್ರಿ ಆಮ್ಲಜನಕ ಇಳಿದು, ಅದರ ಭಾರವೂ ಹೃದಯದ ಮೇಲೆಯೇ ಬೀಳುತ್ತದೆ. ಹಾಗೆಂದು ಕೈಕಾಲು ಬಲವಾದರೆ ಹೃದಯ ತಾನಾಗಿ ಉಳಿಯುತ್ತದೆ ಎಂದೂ ಹೇಳಲಾಗದು. ಇಲಿಗಳಲ್ಲಿ ಹೃದಯವನ್ನು ಬಿಟ್ಟು ಕೈಕಾಲಿನ ಸ್ನಾಯುಗಳನ್ನು ಮಾತ್ರ ಸರಿಪಡಿಸಿದಾಗ ಅವು ಹೆಚ್ಚು ಓಡಾಡಿದವು, ಹೃದಯ ಇನ್ನಷ್ಟು ಹಾಳಾಯಿತು. ಹೃದಯಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕೇ ಬೇಕು.

ನನಗೆ ಹೆಚ್ಚು ಆತಂಕ ತರುವುದು ಲಕ್ಷಣಗಳೇ ಕಾಣದಿರುವುದು. ಬೇರೆಯವರಲ್ಲಿ ಹೃದಯ ಸೋತರೆ ಮೆಟ್ಟಿಲು ಹತ್ತುವಾಗಲೇ ಗೊತ್ತಾಗುತ್ತದೆ. ನಿಮ್ಮ ಮಗ ಮೆಟ್ಟಿಲು ಹತ್ತುವುದಿಲ್ಲವಲ್ಲ! ಅವನಲ್ಲಿ ಅದು ಹೊಟ್ಟೆನೋವು, ವಾಂತಿ, ತೂಕ ಇಳಿಯುವುದು, ರಾತ್ರಿ ನಿದ್ದೆ ಬಾರದಿರುವುದು, ಇಂಥ ವೇಷದಲ್ಲಿ ಬರಬಹುದು. ಗ್ಯಾಸ್ಟ್ರಿಕ್ ಎಂದುಕೊಂಡು ಮನೆಮದ್ದು ಮಾಡುತ್ತಾ ಕೂರಬೇಡಿ.

ಎಕೋ ಸರಿಯಿದ್ದರೂ ದೇಹಕ್ಕೆಲ್ಲ ರಕ್ತ ಪಂಪ್ ಮಾಡುವ ಎಡ ಹೃತ್ಕುಕ್ಷಿಯ ಗೋಡೆಯಲ್ಲಿ ನಾರು ಬೆಳೆಯಲು ಶುರುವಾಗಿರಬಹುದು. ಅದನ್ನು ಹೃದಯದ ಎಂಆರ್‌ಐ ಮೊದಲೇ ತೋರಿಸುತ್ತದೆ. ಆದ್ದರಿಂದಲೇ ತೊಂದರೆ ಕಾಣಲಿ ಬಿಡಲಿ, 10 ವರ್ಷದ ಹೊತ್ತಿಗೆ ಎನಲಾಪ್ರಿಲ್‌ನಂಥ ಗುಂಪಿನ ಮಾತ್ರೆ ಆರಂಭಿಸಬೇಕೆಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. 2005ರಲ್ಲಿ ಪ್ರಕಟವಾದ ಫ್ರಾನ್ಸ್‌ನ ಅಧ್ಯಯನವೊಂದರಲ್ಲಿ ಹೃದಯ ಚೆನ್ನಾಗಿದ್ದ 57 ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಇದೇ ಗುಂಪಿನ ಪೆರಿಂಡೊಪ್ರಿಲ್ ಕೊಟ್ಟರು, ಉಳಿದವರಿಗೆ ಔಷಧವಿಲ್ಲದ ಮಾತ್ರೆ. ಮೂರು ವರ್ಷದ ಬಳಿಕ ಎಲ್ಲರಿಗೂ ಔಷಧ ಸಿಕ್ಕಿತು. ಐದು ವರ್ಷ ತುಂಬಿದಾಗ ಮೊದಲಿನಿಂದ ತೆಗೆದುಕೊಂಡವರಲ್ಲಿ ಒಬ್ಬನಿಗೆ ಮಾತ್ರ ಹೃದಯದ ಶಕ್ತಿ ತೀರಾ ಇಳಿದಿತ್ತು. ತಡವಾಗಿ ಶುರುಮಾಡಿದವರಲ್ಲಿ ಎಂಟು ಮಂದಿಗೆ. ಬಿಪಿ ಇಳಿಸುವ ಉದ್ದೇಶ ಇಲ್ಲಿಲ್ಲ, ಹೃದಯವನ್ನು ಕಾಪಾಡುವುದೇ ಉದ್ದೇಶ. ಮಾತ್ರೆ ಶುರುವಾದ ಮೇಲೆ ಪೊಟ್ಯಾಸಿಯಂ ಮತ್ತು ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸಿ. ತಲೆಸುತ್ತು ಬಂದರೆ, ವಾಂತಿಭೇದಿ ಹಿಡಿದರೆ ವೈದ್ಯರಿಗೆ ಫೋನ್ ಮಾಡಿ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ.

ವರ್ಷಕ್ಕೊಮ್ಮೆ ಎಕೋ, ಇಸಿಜಿ ತಪ್ಪಿಸಬೇಡಿ. ಯಾವುದೇ ಶಸ್ತ್ರಚಿಕಿತ್ಸೆಗೆ ಮುನ್ನ, ಹಲ್ಲು ಕೀಳಿಸಲು ಅರಿವಳಿಕೆ ಕೊಡುವುದಿದ್ದರೂ ಕಾಯಿಲೆಯ ಹೆಸರನ್ನು ಸ್ಪಷ್ಟವಾಗಿ ಹೇಳಿ. ಅರಿವಳಿಕೆ ಕೊಡುವಾಗ ಬಳಸುವ ಸಕ್ಸಿನೈಲ್‌ಕೋಲಿನ್ ಎಂಬ ಔಷಧ ಈ ಮಕ್ಕಳಲ್ಲಿ ಹೃದಯವನ್ನೇ ನಿಲ್ಲಿಸಬಲ್ಲದು.

ನೀವು ಕೇಳದ ಒಂದು ಮಾತನ್ನೂ ಹೇಳಬೇಕಿದೆ. ಈ ಜೀನ್ ದೋಷ ಬಹಳಷ್ಟು ಮಕ್ಕಳಿಗೆ ತಾಯಿಯಿಂದ ಬಂದಿರುತ್ತದೆ, ಎಲ್ಲರಿಗೂ ಅಲ್ಲ. ಇದು ಯಾರ ತಪ್ಪೂ ಅಲ್ಲ. ಆದರೆ ನಿಮ್ಮಲ್ಲೂ ಆ ಜೀನ್ ಇದ್ದರೆ, ಕೈಕಾಲು ಗಟ್ಟಿಯಾಗಿದ್ದರೂ ನಿಮ್ಮ ಹೃದಯ ದುರ್ಬಲವಾಗಬಹುದು. ಜೀನ್ ಪರೀಕ್ಷೆ ಮಾಡಿಸಿಕೊಳ್ಳಿ. ಮಗನ ಮುಂದಿನ ಎಕೋ ದಿನ ನಿಮ್ಮದನ್ನೂ ಮಾಡಿಸಿಬಿಡಿ.